ಚಿನ್ನದ ತಟ್ಟೆಯೂ ರಿಟರ್ನ್ಸ್ ಪುಸ್ತಕವೂ

ಪ್ಲಾಟಿನಂ ಅಂದರೆ ನನಗೆ ಒಡವೆ ನೆನಪಾಗುವುದಿಲ್ಲ, ರಿಟರ್ನ್ಸ್ ಪುಸ್ತಕ ನೆನಪಾಗುತ್ತದೆ. ಕೆಂಪು ಬಟ್ಟೆಯ ಬೈಂಡು ಹಾಕಿದ, ಉದ್ದನೆಯ, ಮೂಲೆಗಳು ಸವೆದ ಪುಸ್ತಕ. ತೊಂಬತ್ತರ ದಶಕದಲ್ಲಿ ಮೈಸೂರಿನ ಶಿವರಾಂಪೇಟೆಯಲ್ಲಿ ಕ್ಯಾಸೆಟ್ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಬೆಂಗಳೂರಿನ ಕಂಪನಿಗಳಿಂದ ಬಂದ ಮಾಲು ಒಂದು ಪುಸ್ತಕದಲ್ಲಿ, ಚಿಲ್ಲರೆ ಅಂಗಡಿಗಳಿಗೆ ಹೋದದ್ದು ಇನ್ನೊಂದರಲ್ಲಿ, ಮಾರಾಟವಾಗದೆ ವಾಪಸ್ ಬಂದದ್ದು ಈ ಕೆಂಪು ಪುಸ್ತಕದಲ್ಲಿ. ಮೊದಲ ಎರಡನ್ನು ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ಮೂರನೆಯದು ಮಾತ್ರ ಸಾವ್ಕಾರ್ರ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಾನು ಮಂಡ್ಯದಲ್ಲಿ ಅಂಗಡಿಗಳವರಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಡುವ ಕೆಲಸದಲ್ಲಿದ್ದೇನೆ. (ಹೆಸರು ಅದೇ ರಿಟರ್ನ್, ಆದರೆ ಇದರಲ್ಲಿ ಏನೂ ವಾಪಸ್ ಬರುವುದಿಲ್ಲ.) ನನ್ನ ಅಕ್ಕನ ಮಗ ಮಂಡ್ಯದ ಮಾತಿನಲ್ಲೇ ರ್‍ಯಾಪ್ ಕಟ್ಟಿ ಹಾಡುತ್ತಾನೆ, ಫೋನಿನಲ್ಲೇ ಹಾಡು ಬಿಡುಗಡೆ ಮಾಡುತ್ತಾನೆ. ಅವನ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ಮಾವ, ಅಮೆರಿಕದಲ್ಲಿ ಒಂದ್ ಹಾಡು ಹತ್ ಸಲ ಪ್ಲಾಟಿನಂ ಆಗೈತೆ ಅಂತಾರಲ್ಲ, ಹಂಗಂದ್ರೆ ಯಾರು ಎಣ್ಸೋದು?" ಅಂದ. ಹಾಡು ಇಷ್ಟು ಲಕ್ಷ ಮಾರಿತು ಅಂತ ಅಲ್ಲಿನ ಕಂಪನಿಗಳ ಸಂಘ ಕೊಡುವ ಗೋಲ್ಡ್, ಪ್ಲಾಟಿನಂ ಫಲಕಗಳ ಮಾತು ಅದು. ಹಾಡಿನ ಬಗ್ಗೆ ಕೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಯಾರು ಎಣಿಸೋದು ಅಂತ ಕೇಳಿದ್ದಕ್ಕೆ ಕುತೂಹಲ ಹುಟ್ಟಿತು. ಅಮೆರಿಕದ, ಇಂಗ್ಲೆಂಡಿನ, ಜಪಾನಿನ ನಿಯಮಗಳನ್ನೆಲ್ಲ ತೆರಿಗೆ ಇಲಾಖೆಯ ಸುತ್ತೋಲೆ ಓದಿದ ಹಾಗೆ ಪೆನ್ಸಿಲ್ ಹಿಡಿದು ಓದಿದೆ.

ಚಿನ್ನದ ತಟ್ಟೆ ಶುರುವಾದದ್ದೇ ಜಾಹೀರಾತಿಗಾಗಿ. 1942ರ ಫೆಬ್ರುವರಿಯಲ್ಲಿ ಅಮೆರಿಕದ ಆರ್‌ಸಿಎ ಎಂಬ ರೆಕಾರ್ಡ್ ಕಂಪನಿ ಗ್ಲೆನ್ ಮಿಲ್ಲರ್ ಎಂಬ ಬ್ಯಾಂಡ್ ನಾಯಕನಿಗೆ, ಅವನ ರೈಲಿನ ಹಾಡೊಂದು ಹನ್ನೆರಡು ಲಕ್ಷ ಪ್ರತಿ ಮಾರಿತು ಅಂತ, ಚಿನ್ನದ ಬಣ್ಣ ಬಳಿದ ಗ್ರಾಮಫೋನ್ ತಟ್ಟೆಯೊಂದನ್ನು ರೇಡಿಯೋ ಕಾರ್ಯಕ್ರಮದಲ್ಲೇ ಕೊಟ್ಟಿತು. ಕೊಟ್ಟವರೂ ಅವರೇ, ಎಣಿಸಿದವರೂ ಅವರೇ. ಬೇರೆ ಕಂಪನಿಗಳೂ ಇದನ್ನೇ ಹಿಡಿದವು. ನಮ್ಮ ದೇಶದಲ್ಲೂ ಎಚ್‌ಎಂವಿ, ಪಾಲಿಡೋರ್ ಕಂಪನಿಗಳು ತಮ್ಮ ಕಲಾವಿದರಿಗೆ ಇಂಥ ತಟ್ಟೆಗಳನ್ನು ಕೊಟ್ಟು ಫೋಟೋ ತೆಗೆಸಿದ್ದುಂಟು. ಮಾರುವವನೇ ಬರೆದ ಬಿಲ್ಲಿಗೆ ಮಾರುವವನೇ ಸಹಿ ಹಾಕಿದರೆ ಅದನ್ನು ಆಡಿಟ್ ಅನ್ನುವುದಿಲ್ಲ.

ಅಮೆರಿಕದ ಧ್ವನಿಮುದ್ರಣ ಕಂಪನಿಗಳೆಲ್ಲ ಸೇರಿ 1952ರಲ್ಲಿ ಆರ್‌ಐಎಎ ಎಂಬ ಸಂಘ ಕಟ್ಟಿಕೊಂಡಿದ್ದವು. ಈ ಗೊಂದಲ ನಿಲ್ಲಿಸಲು 1958ರಲ್ಲಿ ಆ ಸಂಘ ಒಂದು ಕ್ರಮ ತಂದಿತು. ಒಂದು ಸಿಂಗಲ್, ಅಂದರೆ ಬಿಡಿ ಹಾಡಿನ ತಟ್ಟೆ, ಹತ್ತು ಲಕ್ಷ ಪ್ರತಿ ಹೋಗಿದೆ ಅಂತ ಕಂಪನಿ ಅರ್ಜಿ ಹಾಕಬೇಕು. ಹೊರಗಿನ ಲೆಕ್ಕಪರಿಶೋಧಕರು ಬಂದು ಪುಸ್ತಕ ನೋಡಬೇಕು. ಸರಿ ಅಂದರೆ ಗೋಲ್ಡ್. ಮೊದಲ ಗೋಲ್ಡ್ ಸಿಂಗಲ್ ಅದೇ ವರ್ಷದ ಮಾರ್ಚ್ 14ರಂದು ಪೆರಿ ಕೋಮೊ ಎಂಬ ಗಾಯಕನಿಗೆ ಬಂತು. 1976ರಲ್ಲಿ ಪ್ಲಾಟಿನಂ ಸೇರಿಸಿದರು, ಆಗ ಸಿಂಗಲ್ಲಿಗೆ ಇಪ್ಪತ್ತು ಲಕ್ಷ ಬೇಕಿತ್ತು. 1999ರಲ್ಲಿ ಒಂದು ಕೋಟಿಗೆ ಡೈಮಂಡ್ ಬಂತು.

ಇಲ್ಲಿಯವರೆಗೆ ಓದಿ ನನಗೆ ಖುಷಿಯಾಗಿತ್ತು, ಹೊರಗಿನ ಆಡಿಟರ್ ಇದ್ದಾನಲ್ಲ ಅಂತ. ಆಮೇಲೆ ಎಣಿಸುತ್ತಿದ್ದದ್ದು ಏನನ್ನು ಅಂತ ನೋಡಿದೆ. ಗಿರಾಕಿ ಕೊಂಡದ್ದನ್ನಲ್ಲ, ಕಂಪನಿ ಅಂಗಡಿಗೆ ಕಳಿಸಿದ್ದನ್ನು. ಕಳಿಸಿದ್ದರಲ್ಲಿ ವಾಪಸ್ ಬಂದದ್ದನ್ನು ಕಳೆಯಬೇಕು ಅಂತ ನಿಯಮವೇನೋ ಇದೆ. ಆದರೆ ವಾಪಸ್ ಬರುವುದು ಯಾವಾಗ? ಹಾಡು ಬಿದ್ದುಹೋಯಿತು ಅಂತ ಅಂಗಡಿಯವನಿಗೆ ಖಾತ್ರಿಯಾದ ಮೇಲೆ. ಅಷ್ಟರಲ್ಲಿ ಫಲಕ ಗೋಡೆಯ ಮೇಲಿರುತ್ತದೆ.

ಕೆಂಪು ಪುಸ್ತಕ ಡ್ರಾಯರಿನಲ್ಲಿ ಯಾಕಿರುತ್ತಿತ್ತು ಅನ್ನುವುದಕ್ಕೂ ಇದೇ ಕಾರಣ. ದೊಡ್ಡ ನಟನ ಸಿನಿಮಾ ಬರುತ್ತಿದೆ ಅಂದರೆ ಕಂಪನಿಯ ಪ್ರತಿನಿಧಿ ಬಂದು ಇಷ್ಟು ಪೆಟ್ಟಿಗೆ ಎತ್ತಲೇಬೇಕು ಅಂತ ಕೂರುತ್ತಿದ್ದ. ಸಾವ್ಕಾರ್ರು ಒಪ್ಪುತ್ತಿದ್ದರು, ಯಾಕೆಂದರೆ ಮಾರಾಟವಾಗದ ಮಾಲಿನಲ್ಲಿ ಒಂದು ಭಾಗವನ್ನು ವಾಪಸ್ ಕೊಡಬಹುದಿತ್ತು. ನಾವು ಅದನ್ನೇ ಲೈನಿನ ಅಂಗಡಿಗಳ ಮೇಲೆ ಹೇರುತ್ತಿದ್ದೆವು. ಒಂದು ಲೈನು ಮಂಡ್ಯ, ಮದ್ದೂರು, ಮಳವಳ್ಳಿ. ಇನ್ನೊಂದು ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ. ಮತ್ತೊಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ. ಪೆಟ್ಟಿಗೆಗಳು ಇನ್ನೂ ಬಸ್ಸಿನ ಟಾಪಿನಲ್ಲಿರುವಾಗಲೇ ಪೇಪರಿನಲ್ಲಿ ಜಾಹೀರಾತು: ಕ್ಯಾಸೆಟ್ ಮಾರಾಟದಲ್ಲಿ ದಾಖಲೆ! ಯಾರ ಕೈಗೂ ಕ್ಯಾಸೆಟ್ ಇನ್ನೂ ಹೋಗಿಲ್ಲ, ದಾಖಲೆ ಆಗಿಯೇ ಹೋಯಿತು. ಎರಡು ತಿಂಗಳ ಮೇಲೆ ಅದೇ ಬಸ್ಸಿನ ಟಾಪಿನಲ್ಲಿ ಅವು ವಾಪಸ್ ಬರುತ್ತಿದ್ದವು. ಅದಕ್ಕೆ ಯಾವ ಪೇಪರಿನಲ್ಲೂ ಜಾಹೀರಾತಿಲ್ಲ.

ಅಮೆರಿಕದಲ್ಲಿ ಇದರ ಅಣ್ಣನಂಥ ಪ್ರಸಂಗ ನಡೆದಿದೆ. ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುತ್ತಿದ್ದ ಕಿಸ್ ಎಂಬ ತಂಡದ ನಾಲ್ವರೂ 1978ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಒಬ್ಬೊಬ್ಬರು ಒಂದೊಂದು ಸ್ವಂತ ಆಲ್ಬಂ ತಂದರು. ಕಂಪನಿ ಐವತ್ತು ಲಕ್ಷಕ್ಕೂ ಮೀರಿ ಪ್ರತಿಗಳನ್ನು ಅಂಗಡಿಗಳಿಗೆ ಸುರಿಯಿತು. ನಾಲ್ಕಕ್ಕೂ ಪ್ಲಾಟಿನಂ (ಆಲ್ಬಮ್ಮಿಗೆ ಹತ್ತು ಲಕ್ಷ ಸಾಕಿತ್ತು). ಆಮೇಲೆ ಪೆಟ್ಟಿಗೆ ಪೆಟ್ಟಿಗೆ ವಾಪಸ್. ಚಿನ್ನವಾಗಿ ಹೋಗಿ ಪ್ಲಾಟಿನಂ ಆಗಿ ವಾಪಸ್ ಬಂತು ಅಂತ ಅಲ್ಲಿನ ವ್ಯಾಪಾರದವರು ನಗಾಡುತ್ತಿದ್ದರಂತೆ. ಈ ಮಾತು ಓದಿ ನಾನು ಒಬ್ಬನೇ ಆಫೀಸಿನಲ್ಲಿ ಕೂತು ನಕ್ಕೆ. ನಮ್ಮ ಸಾವ್ಕಾರ್ರು ಬದುಕಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.

ಅಳಿಯನಿಗೆ ಇದನ್ನು ವಿವರಿಸಲು ಕಬ್ಬು ಸಿಕ್ಕಿತು. ನಮ್ಮ ಕಡೆ ಎಕರೆಗೆ ಎಷ್ಟು ಟನ್ ಬಂತು ಅಂತ ಎಲ್ಲರೂ ಹೇಳುತ್ತಾರೆ. ಗದ್ದೆಯ ಬದುವಿನ ಮೇಲೆ ನಿಂತು ಹೇಳುವ ಟನ್ನು ಒಂದು, ಲಾರಿಗೆ ತುಂಬಿದಾಗ ಡ್ರೈವರ್ ಹೇಳುವುದು ಒಂದು, ಕಾರ್ಖಾನೆ ಗೇಟಿನ ತೂಕದ ಸೇತುವೆ ಹೇಳುವುದು ಇನ್ನೊಂದು. ಕಬ್ಬು ಅದೇ. ದುಡ್ಡು ಬರುವುದು ಗೇಟಿನ ಚೀಟಿಗೆ. ಹಾಡಿಗೂ ಹಾಗೆಯೇ, ಯಾವ ಬಾಗಿಲಲ್ಲಿ ನಿಂತು ಎಣಿಸಿದರು ಅಂತ ಕೇಳಿಕೊಳ್ಳದೆ ಪ್ಲಾಟಿನಂ ಅನ್ನುವುದಕ್ಕೆ ಅರ್ಥವೇ ಇಲ್ಲ. ಫ್ಯಾಕ್ಟರಿ ಬಾಗಿಲೋ, ಅಂಗಡಿ ಗಲ್ಲಾಪೆಟ್ಟಿಗೆಯೋ, ಈಗಿನಂತೆ ಫೋನಿನ ಪರದೆಯೋ.

ಅರ್ಜಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಹಾಡು ಎಷ್ಟೇ ಮಾರಿರಲಿ, ಕಂಪನಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪುಸ್ತಕ ತೆರೆದರೆ ಮಾತ್ರ ಗೋಲ್ಡ್. ಡೆಟ್ರಾಯಿಟ್ ನಗರದಲ್ಲಿ ಬೆರಿ ಗಾರ್ಡಿ ಎಂಬಾತ 1959ರಲ್ಲಿ ಶುರು ಮಾಡಿದ ಮೋಟೌನ್ ಕಂಪನಿ ಅರವತ್ತರ ದಶಕವೆಲ್ಲ ಅಮೆರಿಕವನ್ನೇ ಕುಣಿಸಿತು. ಆದರೆ ಆತ ಆ ಸಂಘದ ಲೆಕ್ಕಿಗರಿಗೆ ಪುಸ್ತಕ ತೆರೆಯಲಿಲ್ಲ. ಹೀಗಾಗಿ ಆ ಕಾಲದ ಮೋಟೌನ್ ಹಾಡುಗಳು ಆಗಿನ ಅಧಿಕೃತ ಗೋಲ್ಡ್ ಪಟ್ಟಿಯಲ್ಲಿ ಇರಲಿಲ್ಲ. ಊರೆಲ್ಲ ಹಾಡಿದ ಹಾಡು ಪಟ್ಟಿಯಲ್ಲಿ ಇರಲಿಲ್ಲ, ಅದರ ಅರ್ಧ ಮಾರಿದ ಹಾಡು ಪಟ್ಟಿಯಲ್ಲಿ ಇತ್ತು. ಪಟ್ಟಿ ನೋಡಿ ಚರಿತ್ರೆ ಬರೆಯುವವರು ಇದನ್ನು ನೆನಪಿಡಬೇಕು.

ಗಾಯಕ ಎಲ್ವಿಸ್ ಪ್ರೀಸ್ಲಿಯದು ಇದಕ್ಕೆ ತಿರುಗಾಮುರುಗ. ಆತ ಸತ್ತದ್ದು 1977ರಲ್ಲಿ. 1992ರಲ್ಲಿ ಕಂಪನಿಯವರು ಹಳೆಯ ಕಾಗದಪತ್ರ ಕೆದಕಿ, ಒಟ್ಟುಗೂಡಿಸಿ ಅರ್ಜಿ ಹಾಕಿದರು. ಒಂದೇ ಏಟಿಗೆ 110 ಗೋಲ್ಡ್, ಪ್ಲಾಟಿನಂ ಪ್ರಶಸ್ತಿಗಳು. ಜನ ಅಷ್ಟು ವರ್ಷದಿಂದ ಕೊಂಡಿದ್ದರು, ಗುಮಾಸ್ತ ಕೂಡಿಸಿದ್ದು ಆಗ. ಗುಮಾಸ್ತನಾಗಿದ್ದವನು ನಾನು, ಈ ಕಥೆಯಲ್ಲಿ ನನಗೆ ಎಲ್ವಿಸ್‌ಗಿಂತ ಆ ಹಳೆಯ ಫೈಲು ಜೋಡಿಸಿದ ಅಜ್ಞಾತ ಲೆಕ್ಕಿಗನ ಮೇಲೇ ಹೆಚ್ಚು ಗೌರವ.

ಇಂಗ್ಲೆಂಡಿನವರು ಈ ಅರ್ಜಿಯ ರಗಳೆಯನ್ನು 2013ರ ಜುಲೈಯಲ್ಲಿ ತೆಗೆದುಹಾಕಿದರು. ಅಲ್ಲಿನ ಸಂಘದ ಹೆಸರು ಬಿಪಿಐ, 1973ರಿಂದ ಪ್ರಶಸ್ತಿ ಕೊಡುತ್ತಿದೆ. ಈಗ ಅಂಗಡಿಯ ಬಿಲ್ಲಿಂಗ್ ಯಂತ್ರದ ಲೆಕ್ಕ, ಆನ್‌ಲೈನ್ ಲೆಕ್ಕ ಎರಡೂ ವಾರವಾರ ಹೆಚ್ಚು ಮಾರಿದ ಹಾಡುಗಳ ಪಟ್ಟಿ ಮಾಡುವ ಚಾರ್ಟ್ ಕಂಪನಿಗೆ ಹೋಗುತ್ತವೆ. ಗಡಿ ದಾಟಿದ ಕೂಡಲೇ ಪ್ರಶಸ್ತಿ ತಾನಾಗಿ ಬೀಳುತ್ತದೆ. ನನ್ನ ಪ್ರಕಾರ ಇದೇ ಸರಿಯಾದ ಪದ್ಧತಿ.

ಗಡಿ ಅಂದೆನಲ್ಲ, ಅದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಬಿಡಿ ಹಾಡಿನ ತಟ್ಟೆ ಕೊಳ್ಳುವವರು ಕಡಿಮೆಯಾದಾಗ ಅಮೆರಿಕ 1989ರಲ್ಲಿ ಗೋಲ್ಡನ್ನು ಹತ್ತು ಲಕ್ಷದಿಂದ ಐದಕ್ಕೆ, ಪ್ಲಾಟಿನಂ ಅನ್ನು ಇಪ್ಪತ್ತರಿಂದ ಹತ್ತಕ್ಕೆ ಇಳಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲೂ ಸಿಂಗಲ್ ಪ್ಲಾಟಿನಂ ಹತ್ತು ಲಕ್ಷದಿಂದ ಆರು ಲಕ್ಷಕ್ಕೆ ಬಂತು, ಗೋಲ್ಡ್ ನಾಲ್ಕು, ಸಿಲ್ವರ್ ಎರಡು. ಅಂದರೆ 1985ರ ಪ್ಲಾಟಿನಂ ಹಾಡನ್ನೂ 1995ರದನ್ನೂ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಜಪಾನಿನಲ್ಲಿ ಒಂದು ಲಕ್ಷಕ್ಕೇ ಗೋಲ್ಡ್, ಎರಡೂವರೆ ಲಕ್ಷಕ್ಕೆ ಪ್ಲಾಟಿನಂ. ಆಸ್ಟ್ರೇಲಿಯದಲ್ಲಿ 70,000ಕ್ಕೇ ಪ್ಲಾಟಿನಂ ಸಿಗುತ್ತದೆ.

ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಕ್ಯಾಲ್ಕುಲೇಟರ್ ತೆಗೆದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅದೇ ವರ್ಷ ಬ್ರಿಟನ್ನಿನಲ್ಲೂ ಜನಗಣತಿ ನಡೆದಿತ್ತು, 6.3 ಕೋಟಿ ಚಿಲ್ಲರೆ. ಹೆಚ್ಚೂಕಡಿಮೆ ಒಂದೇ ಅಳತೆಯ ನಾಡು. ಬ್ರಿಟನ್ನಿನ ನಿಯಮವನ್ನೇ ಇಲ್ಲಿಗೆ ತಂದರೆ ಕನ್ನಡದ ಹಾಡೊಂದು ಆರು ಲಕ್ಷ ಮಾರಿದರೆ ಪ್ಲಾಟಿನಂ. ಅಲ್ಲಿ ಇದುವರೆಗೆ ಅತಿ ಹೆಚ್ಚು ಮಾರಿದ ಸಿಂಗಲ್ ಎಲ್ಟನ್ ಜಾನ್ 1997ರಲ್ಲಿ ರಾಜಕುಮಾರಿ ಡಯಾನಾ ತೀರಿಕೊಂಡಾಗ ಹಾಡಿದ್ದು, ಸುಮಾರು 49 ಲಕ್ಷ. ನಾಡಿನಲ್ಲಿ ಹದಿಮೂರು ಜನಕ್ಕೆ ಒಂದು! ಮೊದಲ ದಿನವೇ ಆರೂವರೆ ಲಕ್ಷ ಹೋಯಿತಂತೆ. ಸಾವಿನ ವಾರದಲ್ಲಿ ಅಂಗಡಿ ಮುಂದೆ ಸಾಲು ನಿಲ್ಲುವುದು ನಮಗೇನೂ ಹೊಸದಲ್ಲ. ಆದರೆ ಪ್ರತಿಯೊಂದಕ್ಕೂ ಬಿಲ್ಲು ಹಾಕಿ ಎಣಿಸಿಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಅಮೆರಿಕದವರ ಇನ್ನೊಂದು ನಿಯಮ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಸ್ಪ್ಯಾನಿಷ್ ಹಾಡುಗಳಿಗೆ ಅವರು 2000ದಿಂದ ಬೇರೆಯೇ ಪಟ್ಟಿ ಇಟ್ಟಿದ್ದಾರೆ. ಹಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪ್ಯಾನಿಷ್ ಇದ್ದರೆ ಸಾಕು, 30,000ಕ್ಕೆ ಗೋಲ್ಡ್, 60,000ಕ್ಕೆ ಪ್ಲಾಟಿನಂ. ಇಂಗ್ಲಿಷ್ ಹಾಡಿನ ಮುಂದೆ ಅದನ್ನು ನಿಲ್ಲಿಸಿ ಸೋಲಿಸುವುದಿಲ್ಲ, ಅದರ ಸಂತೆಯೇ ಬೇರೆ ಅಂತ ಒಪ್ಪಿಕೊಂಡಿದ್ದಾರೆ. ಹಿಂದಿಯ ಹಾಡು, ತೆಲುಗಿನ ಹಾಡು, ಕನ್ನಡದ ಹಾಡು ಮೂರನ್ನೂ ಒಂದೇ ವ್ಯೂಸ್ ಸಂಖ್ಯೆಯಲ್ಲಿ ತೂಗಿ, ನಮ್ಮವರೇ ನಮ್ಮ ಹಾಡನ್ನು ಅಷ್ಟೇನಾ ಅನ್ನುವುದನ್ನು ನೋಡುತ್ತಲೇ ಇದ್ದೇನೆ. ಭಾಷೆಗೊಂದು ಗಡಿ ಇದ್ದರೆ ಈ ಮಾತಿಗೆ ಆಸ್ಪದವೇ ಇರುತ್ತಿರಲಿಲ್ಲ.

ಇನ್ನು ಬಸ್ಸಿನ ಲೆಕ್ಕ. ಇದೇ ನನ್ನನ್ನು ಹೆಚ್ಚು ದಿನ ಕಾಡಿದ್ದು.

ಆಗ ಮಂಡ್ಯ ಕಡೆಯ ಪ್ರೈವೇಟ್ ಬಸ್ಸಿನ ಡ್ರೈವರುಗಳು ನಮ್ಮ ಅಂಗಡಿಗೆ ಖಾಯಂ ಗಿರಾಕಿಗಳು. ಒಬ್ಬ ಡ್ರೈವರ್ ಒಂದು ಕ್ಯಾಸೆಟ್ ಕೊಂಡ ಅಂದರೆ ಪುಸ್ತಕದಲ್ಲಿ ಒಂದು ಗೆರೆ. ಆ ಒಂದು ಕ್ಯಾಸೆಟ್ ಬೆಳಗಿನ ಟ್ರಿಪ್ಪಿನಿಂದ ರಾತ್ರಿ ಹಾಲ್ಟಿನವರೆಗೆ ಎ ಸೈಡು, ಬಿ ಸೈಡು ಅಂತ ತಿರುಗುತ್ತಲೇ ಇರುತ್ತಿತ್ತು. ಸೀಟಿನಲ್ಲಿದ್ದವರು, ನಿಂತವರು, ಮೆಟ್ಟಿಲಿಗೆ ಜೋತುಬಿದ್ದವರು ಎಲ್ಲರೂ ಕೇಳಿದರು. ಟೇಪು ಎಳೆದು ಹೆಣ್ಣಿನ ದನಿ ಗಂಡಿನದಾಗುವವರೆಗೂ ಹಾಕಿದರು. ಸಾವಿರಾರು ಕಿವಿ, ಲೆಕ್ಕದಲ್ಲಿ ಒಂದು. ಇನ್ನು ರೆಕಾರ್ಡಿಂಗ್ ಸೆಂಟರುಗಳಂತೂ ಲೆಕ್ಕದಿಂದಲೇ ಹೊರಗೆ. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಯಾವ ಕಂಪನಿಗೂ ಅದರಿಂದ ಬಿಡಿಗಾಸಿಲ್ಲ. ಊರಲ್ಲಿ ಯಾವ ಹಾಡು ನಿಜವಾಗಿ ಓಡುತ್ತಿದೆ ಅಂತ ತಿಳಿಯಬೇಕಾದರೆ ಮಾತ್ರ ನಾನು ಕಂಪನಿಯ ಜಾಹೀರಾತನ್ನಲ್ಲ, ಆ ಚೀಟಿಗಳನ್ನೇ ನೋಡುತ್ತಿದ್ದೆ.

ಈಗ ತಿರುವುಮುರುವು. ಒಂದೊಂದು ಕಿವಿಯೂ ಲೆಕ್ಕಕ್ಕೆ ಬರುತ್ತದೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ದಾಟಿದರೆ ಒಂದು ಸಲ ಕೇಳಿದಂತೆ. ಅಮೆರಿಕದ ಸಂಘ 2004ರಲ್ಲಿ ಡೌನ್‌ಲೋಡನ್ನು ಲೆಕ್ಕಕ್ಕೆ ತೆಗೆದುಕೊಂಡಿತು, 2013ರಲ್ಲಿ ಸ್ಟ್ರೀಮಿಂಗನ್ನು. ಮೊದಲು ನೂರು ಸಲ ಕೇಳಿದರೆ ಒಂದು ಮಾರಾಟಕ್ಕೆ ಸಮ ಅಂದರು, 2016ರಿಂದ ನೂರೈವತ್ತು ಸಲ. ಬರೀ ಸ್ಟ್ರೀಮಿನಿಂದಲೇ ಪ್ಲಾಟಿನಂ ಆಗಬೇಕಾದರೆ ಹದಿನೈದು ಕೋಟಿ ಸಲ ಕೇಳಬೇಕು. ನೂರೈವತ್ತೇ ಯಾಕೆ, ನೂರಿಪ್ಪತ್ತು ಯಾಕಲ್ಲ? ದುಡ್ಡಿನ ಲೆಕ್ಕ ನೋಡಿ ಎಲ್ಲೋ ಒಂದು ಕಡೆ ಗೆರೆ ಎಳೆದಿದ್ದಾರೆ, ಅಷ್ಟೆ. ನಮ್ಮ ಬಸ್ಸಿನ ಡ್ರೈವರನ ಕ್ಯಾಸೆಟ್ಟನ್ನು ಈ ಲೆಕ್ಕಕ್ಕೆ ಹಾಕಿದರೆ ಒಂದೇ ದಿನದಲ್ಲಿ ಹಲವಾರು ಮಾರಾಟ ಆಗಿರುತ್ತಿತ್ತು.

ಇಂಗ್ಲೆಂಡಿನವರು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದುಡ್ಡು ಕಟ್ಟಿ ಕೇಳುವವನು ನೂರು ಸಲ ಕೇಳಿದರೆ ಒಂದು ಮಾರಾಟ. ಪುಕ್ಕಟೆಯಾಗಿ, ನಡುನಡುವೆ ಜಾಹೀರಾತು ಸಹಿಸಿಕೊಂಡು ಕೇಳುವವನು ಆರುನೂರು ಸಲ ಕೇಳಬೇಕು. ಕಂಪನಿಗೆ ಸಿಗುವ ದುಡ್ಡು ಅದೇ ಅನುಪಾತದಲ್ಲಿ ಕಡಿಮೆ ಅನ್ನುವುದು ಅವರ ಸಮರ್ಥನೆ, ವ್ಯಾಪಾರವಾಗಿ ನೋಡಿದರೆ ತಪ್ಪಿಲ್ಲ. ಲೆಕ್ಕಿಗನಾಗಿ ನಾನೂ ಒಪ್ಪುತ್ತೇನೆ. ಆದರೆ ಅದನ್ನು ಜನಪ್ರಿಯತೆಯ ಫಲಕ ಅಂತ ಕರೆಯುವಾಗ ಬಾಯಿ ತಡವರಿಸುತ್ತದೆ. ಇದು ತೋರಿಸುವುದು ವಸೂಲಾತಿಯನ್ನು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವನು ಆರು ಸಲ ಕೇಳಿದ್ದು ಎಸಿ ರೂಮಿನಲ್ಲಿ ಕೂತವನು ಒಂದು ಸಲ ಕೇಳಿದ್ದಕ್ಕೆ ಸಮ. ಇದನ್ನು ಹೇಳಿದಾಗ ಅಳಿಯ ರೇಗಿದ. "ನನ್ ಹಾಡ್ ಕೇಳೋರೆಲ್ಲ ಪುಕ್ಸಟ್ಟೆ ಗಿರಾಕಿಗಳೇ ಕನ್ ಮಾವ, ಹಂಗಾದ್ರೆ ನಾನ್ ಹುಟ್ಟಿ ಸತ್ರೂ ಪ್ಲಾಟಿನಂ ಆಗಲ್ಲ ಬುಡು."

ಜಪಾನಿನ ಕ್ರಮ ನನಗೆ ಹಿಡಿಸಿತು. 2020ರಲ್ಲಿ ಅವರು ಸ್ಟ್ರೀಮಿಂಗಿಗೆ ಪ್ರತ್ಯೇಕ ಪ್ರಶಸ್ತಿ ಇಟ್ಟರು. ಐದು ಕೋಟಿ ಸಲಕ್ಕೆ ಗೋಲ್ಡ್, ಹತ್ತು ಕೋಟಿಗೆ ಪ್ಲಾಟಿನಂ, ಐವತ್ತು ಕೋಟಿಗೆ ಡೈಮಂಡ್. ತಟ್ಟೆಯ ಲೆಕ್ಕ ತಟ್ಟೆಗೆ, ಕಿವಿಯ ಲೆಕ್ಕ ಕಿವಿಗೆ. ನೂರಕ್ಕೆ ಒಂದು, ನೂರೈವತ್ತಕ್ಕೆ ಒಂದು ಅಂತ ಎರಡನ್ನೂ ಕಲಸುವ ತಂಟೆಯೇ ಇಲ್ಲ. ಬೇರೆ ಬೇರೆ ಯೂನಿಟ್ಟನ್ನು ಒಂದೇ ಕಾಲಮ್ಮಿನಲ್ಲಿ ಕೂಡಿಸಬಾರದು ಅಂತ ನಮಗೆ ಕಾಮರ್ಸ್ ಮೇಷ್ಟ್ರು ಪಿಯುಸಿಯಲ್ಲೇ ಹೇಳಿಕೊಟ್ಟಿದ್ದರು.

ಕೆಂಪು ಪುಸ್ತಕದಲ್ಲಿ ಕೆಲವು ಹೆಸರು ಯಾವತ್ತೂ ಬರುತ್ತಿರಲಿಲ್ಲ. ಮಲೆ ಮಹದೇಶ್ವರನ ಪದಗಳು, ಮಂಟೇಸ್ವಾಮಿ ಪದಗಳು. ಮುಡುಕುತೊರೆ ಜಾತ್ರೆಗೆ, ಸುತ್ತೂರು ಜಾತ್ರೆಗೆ, ಶಿವರಾತ್ರಿಗೆ ಬೆಟ್ಟಕ್ಕೆ ಹೋಗುವವರು ಕೈಚೀಲದಲ್ಲಿ ತುಂಬಿಕೊಂಡು ಹೋಗಿ ನೆಲದ ಮೇಲೆ ಹರಡಿ ಮಾರುತ್ತಿದ್ದರು. ಒಂದೂ ವಾಪಸ್ ಬರುತ್ತಿರಲಿಲ್ಲ. ಭಾವಗೀತೆಯೂ ಹಾಗೆಯೇ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ', ಬಂದದ್ದು 1978ರಲ್ಲಿ. ನಾನು ಕೆಲಸಕ್ಕೆ ಸೇರುವಾಗ ಅದಕ್ಕೆ ಎಷ್ಟೋ ವರ್ಷ ವಯಸ್ಸಾಗಿತ್ತು, ಆದರೂ ಆಗಾಗ ಒಂದೊಂದು ಪೆಟ್ಟಿಗೆ ತರಿಸಬೇಕಾಗುತ್ತಿತ್ತು. ಇಂಥವಕ್ಕೆ ವಾರದ ಪಟ್ಟಿಯಲ್ಲಿ ಜಾಗವಿಲ್ಲ, ಅಲ್ಲಿ ಆ ವಾರದ ಗದ್ದಲ ಮಾತ್ರ. ಗೋಲ್ಡ್, ಪ್ಲಾಟಿನಂ ಪದ್ಧತಿಯಲ್ಲಿ ನಾನು ನಿಜಕ್ಕೂ ಮೆಚ್ಚುವ ಗುಣ ಇದೊಂದೇ: ಅದು ಆಯುಷ್ಯಪೂರ್ತಿ ಕೂಡಿಸುತ್ತದೆ. ನಿಧಾನಕ್ಕೆ ಮಾರುವ ಹಾಡಿಗೂ ಮೂವತ್ತು ವರ್ಷದ ಮೇಲಾದರೂ ಫಲಕ ಸಿಗುತ್ತದೆ.

ಹಾಗೆಂದು ಎಲ್ಲ ರೆಕಾರ್ಡುಗಳೂ ಮಾರಾಟಕ್ಕಾಗಿಯೇ ಹುಟ್ಟಿದವಲ್ಲ. ಮೈಸೂರಿನವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಅರಮನೆಯಲ್ಲಿ ಸಾವಿರಾರು ಗ್ರಾಮಫೋನ್ ಪ್ಲೇಟುಗಳಿದ್ದವು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಮುದಿ ಪಿಯಾನೋ ವಿದ್ವಾಂಸನ ಕೃತಿಗಳನ್ನು ಯಾವ ಕಂಪನಿಯೂ ತಾನಾಗಿ ದೊಡ್ಡ ಪ್ರಮಾಣದಲ್ಲಿ ಧ್ವನಿಮುದ್ರಿಸಲು ಮುಂದೆ ಬಂದಿರಲಿಲ್ಲ. 1940ರ ದಶಕದ ಕೊನೆಯಲ್ಲಿ ಒಡೆಯರು ಮೆಟ್ನರ್ ಸೊಸೈಟಿ ಸ್ಥಾಪಿಸಿ, ತಮ್ಮ ದುಡ್ಡಿನಲ್ಲಿ, ಎಚ್‌ಎಂವಿ ಮೂಲಕ, ಮೆಟ್ನರ್ ತಾನೇ ನುಡಿಸಿದ ಪ್ಲೇಟುಗಳನ್ನು ತಂದರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಒಡೆಯರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಪಿಯಾನೋ ಕಲಿತವರು ಇವತ್ತಿಗೂ ಆ ಮುದ್ರಣ ಹುಡುಕಿ ಕೇಳುತ್ತಾರೆ. ನಮ್ಮ ಸಾವ್ಕಾರ್ರ ಕೈಗೆ ಆ ಮಾಲು ಕೊಟ್ಟಿದ್ದರೆ ಮೊದಲ ವಾರವೇ ಕೆಂಪು ಪುಸ್ತಕಕ್ಕೆ ಹೋಗಿರುತ್ತಿತ್ತು, ಅದರಲ್ಲಿ ಅನುಮಾನವಿಲ್ಲ.

ಮೈಸೂರಿಗೆ ಇನ್ನೊಂದು ನಂಟೂ ಇದೆ. 1902ರಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಯಂತ್ರ ಇಟ್ಟಾಗ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್, ಕೊನೆಗಾಲಕ್ಕೆ ಬಂದದ್ದು ಇಲ್ಲಿಗೆ. ನಾಲ್ವಡಿಯವರು 1928ರ ಆಗಸ್ಟಿನಲ್ಲಿ ಆಕೆಯನ್ನು ತಿಂಗಳಿಗೆ 500 ರೂಪಾಯಿಗೆ ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಹಾಡು ಮುಗಿದ ಮೇಲೆ ಮೈ ನೇಮ್ ಈಸ್ ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಒಂದು ಮಾತು ಕೇಳುತ್ತದೆ. ಅದು ಠೀವಿ ಅಂತ ಎಲ್ಲರೂ ತಿಳಿಯುತ್ತಾರೆ. ಮುದ್ರಣ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟು ಆಗಿ ಬರುತ್ತಿತ್ತು. ಭಾಷೆ ಗೊತ್ತಿಲ್ಲದ ಅಲ್ಲಿನವರು ಯಾರ ಹಾಡಿಗೆ ಯಾವ ಲೇಬಲ್ ಅಂಟಿಸಬೇಕು ಅಂತ ತಿಳಿಯಲಿ ಎಂದು ಆ ಮಾತು. ನಮ್ಮಂಥ ಗುಮಾಸ್ತರಿಗೆ ಆಕೆ ಕೊಟ್ಟ ಸೂಚನೆ ಅದು ಅಂತ ನಾನು ಹೆಮ್ಮೆಪಡುತ್ತೇನೆ. ಚಿನ್ನದ ತಟ್ಟೆ ತಯಾರಿಸುವವರಿಗೆ ಇಷ್ಟು ಶಿಸ್ತೂ ಇರಲಿಲ್ಲ. ಹಳೆಯ ಕಾಲದ ಎಷ್ಟೋ ಫಲಕಗಳಲ್ಲಿ ಕೈಗೆ ಸಿಕ್ಕ ಯಾವುದೋ ತಟ್ಟೆಗೆ ಲೋಹದ ಲೇಪ ಕೊಟ್ಟು, ಲೇಬಲ್ ಮಾತ್ರ ಸರಿಯಾದದ್ದು ಅಂಟಿಸಿದ್ದಾರೆ. ಅದನ್ನು ನುಡಿಸಿದರೆ ಇನ್ಯಾರದೋ ಹಾಡು ಬರುತ್ತದೆ.

ಹೋದ ತಿಂಗಳು ಅಳಿಯನ ಹಾಡಿನ ಲೆಕ್ಕಪತ್ರ ಬಂತು. ಹಾಡುಗಳನ್ನು ಎಲ್ಲ ಆ್ಯಪುಗಳಿಗೆ ಹಂಚುವ ಸಂಸ್ಥೆಯವರು ಕಳಿಸುವ ಎಕ್ಸೆಲ್ ಶೀಟು. ನಾನು ಇಷ್ಟಪಡುವ ಬಗೆಯ ಶೀಟು: ಯಾವ ಆ್ಯಪ್, ಯಾವ ದೇಶ, ಯಾವ ತಿಂಗಳು, ದುಡ್ಡು ಕಟ್ಟಿ ಕೇಳಿದ್ದೆಷ್ಟು, ಪುಕ್ಕಟೆ ಎಷ್ಟು, ಕೈಗೆ ಬರುವುದೆಷ್ಟು. ದುಬೈಯಿಂದ ಯಾರೋ ದುಡ್ಡು ಕಟ್ಟಿ ಪದೇಪದೇ ಕೇಳಿದ್ದಾರೆ. ಮಂಡ್ಯದ ಹುಡುಗನೇ ಇರಬೇಕು, ಊರಿನ ಬೈಗುಳ ಕೇಳಬೇಕು ಅನ್ನಿಸಿರುತ್ತದೆ. ನಮ್ಮ ದೇಶದ ಸಾಲಿನಲ್ಲಿ ಪುಕ್ಕಟೆಯ ಸಂಖ್ಯೆ ದೊಡ್ಡದು, ಅದರ ಎದುರಿನ ರೂಪಾಯಿ ಕಾಣಬೇಕಾದರೆ ದಶಾಂಶದ ಆಚೆ ಹೋಗಬೇಕು. ಪರವಾಗಿಲ್ಲ, ರಿಟರ್ನ್ಸ್ ಅನ್ನುವ ಕಾಲಮ್ಮೇ ಇಲ್ಲ. ಕೇಳಿದ್ದನ್ನು ಯಾರೂ ವಾಪಸ್ ಕೊಡುವಂತಿಲ್ಲ.

ಎಲ್ಲ ಆ್ಯಪು ಸೇರಿ ಕೇಳಿದ್ದು ಒಂದು ಲಕ್ಷ ಸಲ ದಾಟಿದೆ ಅಂತ ಅವನಿಗೆ ಒಂದು ಫಲಕ ಮಾಡಿಸಿಕೊಡಬೇಕು ಅನ್ನಿಸಿತು. ಗುತ್ತಲು ರಸ್ತೆಯ ಫ್ರೇಮಿನ ಅಂಗಡಿಯಲ್ಲಿ ಹಳೆಯ ಸಿಡಿಯೊಂದಕ್ಕೆ ಚಿನ್ನದ ಬಣ್ಣ ಹೊಡೆಸಿ ಕೆಳಗೆ ಒಂದು ಪಟ್ಟಿ ಬರೆಸಲು ಕೂತೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ದುಡ್ಡು ಕಟ್ಟಿದವರು ಬೇರೆ, ಪುಕ್ಕಟೆಯವರು ಬೇರೆ, ಎರಡನ್ನೂ ಕಲಸಿಲ್ಲ, ಹಂಚಿಕೆ ಸಂಸ್ಥೆಯ ಶೀಟಿನ ಪ್ರಕಾರ, ಪರಿಶೀಲಿಸಿದ್ದೇನೆ, ಸಹಿ. ಅಳಿಯ ಪಕ್ಕದಲ್ಲಿ ನಿಂತು ಓದುತ್ತಿದ್ದ.

"ಅಲ್ಲ ಮಾವ, ಇಷ್ಟೆಲ್ಲ ಬರುದ್ರೆ ನನ್ ಫೋಟೋ ಎಲ್ಲಿಗ್ ಹಾಕುಸ್ತೀಯಾ?"

ಫ್ರೇಮಿನವನು ಒಂದು ಸೈಜು ದೊಡ್ಡದು ತೆಗೆದ. ಅದರ ಬಿಲ್ಲು ನನ್ನ ಹತ್ತಿರವೇ ಇದೆ.